ಮೆಂಟೆನೆನ್ಸ್, ಎಲೆಕ್ಟ್ರಿಕಲ್ ಕೆಲಸಕ್ಕೆ ಯಾವ ಪ್ರದೇಶ? ಗಂಟೆ ದರದ ಆಚೆಗೆ ನೋಡಬೇಕಾದ್ದು

ಎರಡು ಕಡೆಯಿಂದ ಕೆಲಸದ ಪತ್ರ ಬಂದಿದೆ ಅಂದುಕೊಳ್ಳಿ. ಒಂದು ಕಡೆ ಗಂಟೆಗೆ 100, ಇನ್ನೊಂದು ಕಡೆ 130 (ರೂಪಾಯಿಯೋ ಡಾಲರೋ, ಲೆಕ್ಕಕ್ಕಷ್ಟೇ). ಕೆಲಸ ಹೆಚ್ಚುಕಡಿಮೆ ಒಂದೇ. ಮೋಟಾರು, ಪ್ಯಾನೆಲ್, ಮೋಟಾರಿನ ವೇಗ ಹಿಡಿತದಲ್ಲಿಡುವ ಡ್ರೈವ್, ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಅಂದರೆ ಪಿಎಲ್‌ಸಿ, ಮಧ್ಯರಾತ್ರಿ ಬರುವ ಬ್ರೇಕ್‌ಡೌನ್ ಕರೆ. ಬಹಳ ಮಂದಿ 130 ನೋಡಿದ ತಕ್ಷಣ ಗಂಟುಮೂಟೆ ಕಟ್ಟಿಬಿಡುತ್ತಾರೆ. ನಾನೂ ಒಮ್ಮೆ ಹಾಗೇ ಹೊರಟಿದ್ದೆ.

ಅಲ್ಲಿ ದರ ಚೆನ್ನಾಗಿತ್ತು. ಓಟಿಯೂ (ಓವರ್‌ಟೈಮ್) ಧಾರಾಳವಾಗಿತ್ತು. ಮೊದಲ ಪೇ ಸ್ಲಿಪ್ ನೋಡಿ ಮನೆಯವರಿಗೆಲ್ಲ ಸಂತೋಷ. ಆ ಮೊತ್ತ ನಂಬಿ ದೊಡ್ಡ ಬಾಡಿಗೆ ಮನೆ ಹಿಡಿದೆ, ಸಾಲವನ್ನೂ ಮಾಡಿದೆ. ಆರು ತಿಂಗಳಾಗುವಷ್ಟರಲ್ಲಿ ಕಾರ್ಖಾನೆ ಮೂರನೇ ಶಿಫ್ಟ್ ಮುಚ್ಚಿತು. ಓಟಿ ನಿಂತಿತು. ಸ್ಲಿಪ್‌ನಲ್ಲಿ ಗಂಟೆ ದರ ಹಾಗೇ ಇತ್ತು, ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ಕೈಗೆ ಬರುವ ಹಣ ಮಾತ್ರ ಕಾಲು ಭಾಗಕ್ಕಿಂತ ಜಾಸ್ತಿ ಇಳಿದಿತ್ತು. ಬೇರೆ ಕಡೆ ಹೋಗೋಣ ಅಂದರೆ ಆ ಸುತ್ತಿನಲ್ಲಿ ಇನ್ನೊಂದು ದೊಡ್ಡ ಕಾರ್ಖಾನೆಯೇ ಇಲ್ಲ. ಅಲ್ಲಿಂದ ಈಚೆಗೆ ಯಾರಾದರೂ ಎರಡು ಆಫರ್ ತಂದು ಮುಂದಿಟ್ಟರೆ ನಾನು ದರವನ್ನು ಕೊನೆಗೆ ನೋಡುತ್ತೇನೆ.

ದರ ಎಲ್ಲಿಂದ ಹುಟ್ಟುತ್ತದೆ

ಊರು ದುಬಾರಿ, ಅದಕ್ಕೇ ಸಂಬಳ ಜಾಸ್ತಿ ಎಂದು ಹೇಳುವುದು ವಾಡಿಕೆ. ಅದರಲ್ಲಿ ಅರ್ಧ ಮಾತ್ರ ನಿಜ. ನಮ್ಮ ಕೆಲಸದಲ್ಲಿ ದರವನ್ನು ಎತ್ತುವುದು ನಿಂತುಹೋದ ಯಂತ್ರ.

ಒಂದು ರಾತ್ರಿ ಎರಡೂವರೆಗೆ ನನಗೆ ಕರೆ ಬಂತು. ಮುಖ್ಯ ಕನ್ವೇಯರ್‌ನ ಡ್ರೈವ್ ಅರ್ತ್ ಫಾಲ್ಟ್ (ಕರೆಂಟು ನೆಲಕ್ಕೆ ಸೋರುವ ದೋಷ) ತೋರಿಸಿ ಟ್ರಿಪ್ ಆಗುತ್ತಿತ್ತು. ಆಪರೇಟರ್ ರೀಸೆಟ್ ಒತ್ತಿ ಒತ್ತಿ ಸಾಕಾಗಿ ಕೂತಿದ್ದ. ಕರೆಂಟು ಕಡಿಯುವ ಐಸೊಲೇಟರ್ ಎಳೆದು ಬೀಗ ಹಾಕಿ, ಡ್ರೈವ್ ಕಡೆಯ ಕೇಬಲ್ ಬಿಚ್ಚಿ, ಮೋಟಾರಿಗೆ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಚ್ಚಿದೆ. ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು. ಟರ್ಮಿನಲ್ ಬಾಕ್ಸ್ ಮುಚ್ಚಳ ತೆಗೆದರೆ ಒಳಗೆ ನೀರು. ತೊಳೆಯುವ ಪೈಪಿನ ನೀರು ಕೇಬಲ್ ಒಳಹೋಗುವ ಕಡೆಯ ಸಡಿಲವಾದ ಗ್ಲ್ಯಾಂಡ್‌ನಿಂದ ಇಳಿದಿತ್ತು. ಒಣಗಿಸಿ, ಗ್ಲ್ಯಾಂಡ್ ಬದಲಿಸಿ, ಮತ್ತೆ ಅಳೆದು, ಲೈನ್ ಎದ್ದಾಗ ಬೆಳಗಿನ ಜಾವ. ಅಷ್ಟು ಹೊತ್ತೂ ಪ್ರೊಡಕ್ಷನ್ ಮುಖ್ಯಸ್ಥರು ಬೆನ್ನ ಹಿಂದೆ ಗಡಿಯಾರ ನೋಡುತ್ತಾ ನಿಂತಿದ್ದರು. ಅವರ ಲೆಕ್ಕದಲ್ಲಿ ಆಗ ಓಡುತ್ತಿದ್ದದ್ದು ನಿಂತ ಲೈನಿನ ನಷ್ಟ. ನನ್ನ ಗಂಟೆ ದರ ಅದರ ಮುಂದೆ ಯಾವ ಲೆಕ್ಕ?

ಈ ನಷ್ಟ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಉಕ್ಕಿನ ಕಾರ್ಖಾನೆಯ ಕ್ಯಾಸ್ಟರ್ (ಎರಕ ಹೊಯ್ಯುವ ಯಂತ್ರ) ನಿಂತರೆ ಕರಗಿದ ಲೋಹ ಕಾಯುವುದಿಲ್ಲ. ಗಾಜಿನ ಕುಲುಮೆ ತಣ್ಣಗಾಗುವಂತಿಲ್ಲ. ರಿಫೈನರಿ, ಕಾಗದದ ಗಿರಣಿ, ಚಿಪ್ ತಯಾರಿಸುವ ಕಾರ್ಖಾನೆ, ಡೇಟಾ ಸೆಂಟರ್, ಇವೆಲ್ಲ ನಿಲ್ಲಬಾರದವು. ಮರದ ಪೀಠೋಪಕರಣ ಮಾಡುವ ಕಡೆ ಒಂದು ಮಷೀನ್ ಕೆಟ್ಟರೆ ನಾಳೆ ಬೆಳಿಗ್ಗೆ ನೋಡಿದರೂ ಆದೀತು. ಆದ್ದರಿಂದ ಒಂದು ಪ್ರದೇಶದ ದರ ಎಂದರೆ ಅಲ್ಲಿ ನಿಲ್ಲಬಾರದ ಯಂತ್ರಗಳು ಎಷ್ಟಿವೆ, ಅವನ್ನು ಎಬ್ಬಿಸುವ ಕೈಗಳು ಎಷ್ಟಿವೆ ಎಂಬುದರ ಲೆಕ್ಕ. ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಡೇಟಾ ಸೆಂಟರ್‌ಗಳು ಒತ್ತಾಗಿ ಎದ್ದ ಕಡೆ ಎಲೆಕ್ಟ್ರಿಷಿಯನ್‌ಗಳಿಗೆ ಅಷ್ಟು ಬೇಡಿಕೆ ಬಂದದ್ದು ಇದೇ ಕಾರಣಕ್ಕೆ.

ಒಂದೇ ದೇಶದಲ್ಲಿ, ಒಂದೇ ಕೆಲಸದಲ್ಲಿ ಅಂತರ ಎಷ್ಟಿರಬಹುದು ಎಂಬುದಕ್ಕೆ ಒಂದು ಅಳತೆ ಬೇಕಲ್ವಾ? ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಮೇ 2024ರ ಲೆಕ್ಕ ನೋಡಿ. ಎಲೆಕ್ಟ್ರಿಷಿಯನ್‌ಗಳ ಸಾಲಿನ ನಟ್ಟನಡುವೆ ನಿಂತವರ ವಾರ್ಷಿಕ ಸಂಬಳ 62,350 ಡಾಲರ್. ಕಾರ್ಖಾನೆ ಯಂತ್ರಗಳ ಮೆಕ್ಯಾನಿಕ್, ಮೆಂಟೆನೆನ್ಸ್ ಕೆಲಸಗಾರರು ಮತ್ತು ಮಿಲ್‌ರೈಟ್‌ಗಳದು (ದೊಡ್ಡ ಯಂತ್ರಗಳನ್ನು ಕೂರಿಸುವವರು) 63,510. ಎರಡೂ ಹತ್ತಿರ ಹತ್ತಿರ. ಆದರೆ ಎಲೆಕ್ಟ್ರಿಷಿಯನ್‌ಗಳಲ್ಲೇ ತೀರಾ ಕೆಳಗಿನ ಶೇ. 10 ಮಂದಿಗೆ 39,430ಕ್ಕಿಂತ ಕಡಿಮೆ, ಮೇಲಿನ ಶೇ. 10 ಮಂದಿಗೆ 1,06,030ಕ್ಕಿಂತ ಹೆಚ್ಚು. ಅನುಭವ, ಊರು, ಉದ್ಯಮ, ಯೂನಿಯನ್ ಎಲ್ಲ ಸೇರಿ ಈ ಅಂತರ ಆಗಿದೆ. ಹಾಗಾಗಿ ಯಾರಾದರೂ ಒಂದು ರಾಜ್ಯದ ಸರಾಸರಿ ತೋರಿಸಿ "ಅಲ್ಲಿ ಇಷ್ಟು ಕೊಡ್ತಾರೆ" ಎಂದರೆ ನಂಬಿ ಹೊರಡಬೇಡಿ. ಅಲ್ಲಿ ಯಾವ ಕಾರ್ಖಾನೆ, ಖಾಯಂ ಕೆಲಸವೋ ಏಜೆನ್ಸಿ ಮೂಲಕವೋ ಎಂದು ಕೇಳಿ. ಏಜೆನ್ಸಿ ಮೂಲಕ ಹೋದವರ ಸಂಬಳ ಕೆಳಗಿರುವುದು ಅದೇ ಇಲಾಖೆಯ ಲೆಕ್ಕದಲ್ಲೂ ಕಾಣುತ್ತದೆ.

ಮಹಾನಗರವೋ, ಕೈಗಾರಿಕಾ ಪಟ್ಟಿಯೋ, ದೂರದ ಗಣಿಯೋ

ಮಹಾನಗರದ ವಿಷಯ ಬೇಗ ಮುಗಿಸುತ್ತೇನೆ. ಅಲ್ಲಿ ದರ ಜಾಸ್ತಿ, ಬಾಡಿಗೆ ಅದಕ್ಕಿಂತ ಜಾಸ್ತಿ. ಬ್ರಿಟನ್ನಿನಲ್ಲಿ ಎಲೆಕ್ಟ್ರಿಕಲ್ ಗುತ್ತಿಗೆ ಕೆಲಸಕ್ಕೆ ಮಾಲೀಕರೂ ಯೂನಿಯನ್ನೂ ಕೂತು ದರ ಗೊತ್ತುಮಾಡುವ ಜಂಟಿ ಮಂಡಳಿ ಇದೆ. ಅದರ ಪಟ್ಟಿಯಲ್ಲಿ ದೇಶಕ್ಕೆಲ್ಲ ಒಂದು ದರವಾದರೆ ಲಂಡನ್ನಿಗೇ ಬೇರೆ ದರ. ಸ್ವಂತ ಗಾಡಿಯಲ್ಲಿ ಬರುವವರಿಗೆ ಒಂದು, ಕಂಪನಿ ಗಾಡಿಯಲ್ಲಿ ಬರುವವರಿಗೆ ಇನ್ನೊಂದು. ಇಷ್ಟು ಬಿಡಿಸಿ ಬರೆದ ಪಟ್ಟಿ ಸಿಗುವುದು ಅಪರೂಪ. ಸಿಕ್ಕ ಕಡೆ ಹೋಲಿಸುವುದು ಸುಲಭ. ಮಹಾನಗರದಲ್ಲಿ ಮೆಂಟೆನೆನ್ಸ್‌ನವನಿಗೆ ಇನ್ನೊಂದು ತೊಂದರೆಯೂ ಇದೆ. ದೊಡ್ಡ ಕಾರ್ಖಾನೆಗಳು ಊರ ಹೊರಗಿರುತ್ತವೆ. ಊರಿನ ಬಾಡಿಗೆ ಕಟ್ಟಿ, ದಿನಾ ಊರ ಹೊರಗೆ ಓಡಾಡುವ ಪಾಡು ಅವನದಾಗುತ್ತದೆ.

ದೂರದ ಕೆಲಸದ ಬಗ್ಗೆ ಮಾತ್ರ ನಿಧಾನವಾಗಿ ಲೆಕ್ಕ ಹಾಕಬೇಕು. ಆಸ್ಟ್ರೇಲಿಯಾದ ಪಿಲ್ಬಾರಾದ ಕಬ್ಬಿಣದ ಅದಿರಿನ ಗಣಿಗಳು, ಕೆನಡಾದ ಫೋರ್ಟ್ ಮೆಕ್‌ಮರಿಯ ತೈಲ ಮರಳು (ಮರಳಿನಿಂದ ತೈಲ ಬೇರ್ಪಡಿಸುವ ಕೆಲಸ), ಉತ್ತರ ಸಮುದ್ರದ ತೈಲ ವೇದಿಕೆಗಳು ಈ ಬಗೆಯವು. ವಿಮಾನದಲ್ಲೋ ಹೆಲಿಕಾಪ್ಟರಿನಲ್ಲೋ ಕರೆದೊಯ್ದು, ಕ್ಯಾಂಪಿನಲ್ಲಿಟ್ಟು, ಎರಡು ವಾರ ದುಡಿಸಿ ವಾಪಸು ಕಳಿಸುತ್ತಾರೆ. ಅಲ್ಲಿನ ಮೊತ್ತ ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ.

ಮೊದಲು ಹೇಳಿದ 100 ಮತ್ತು 130ನ್ನೇ ತೆಗೆದುಕೊಳ್ಳೋಣ. 130 ಕೊಡುವ ಕಡೆ 14 ದಿನ ಕೆಲಸ, 7 ದಿನ ರಜೆ, ದಿನಕ್ಕೆ 12 ಗಂಟೆ. ಮೂರು ವಾರಕ್ಕೆ 168 ಗಂಟೆ, 21,840 ಬಂತು. 100 ಕೊಡುವ ಕಡೆ ವಾರಕ್ಕೆ ಐದು ದಿನ, ದಿನಕ್ಕೆ 8 ಗಂಟೆ. ಮೂರು ವಾರಕ್ಕೆ 120 ಗಂಟೆ, 12,000. ಮೊದಲನೆಯದು ಹತ್ತಿರ ಹತ್ತಿರ ಎರಡು ಪಟ್ಟು. ಇಲ್ಲಿಗೆ ನಿಲ್ಲಿಸಿದರೆ ಗಣಿಯೇ ಗೆದ್ದಿತು.

ಈಗ ಮನೆಯಿಂದ ಹೊರಗಿದ್ದ ಗಂಟೆಗಳನ್ನು ಎಣಿಸಿ. ಕ್ಯಾಂಪಿನಲ್ಲಿ 14 ದಿನ ಎಂದರೆ 336 ಗಂಟೆ. ಶಿಫ್ಟ್ ಮುಗಿದರೂ ನೀವು ಮನೆಯಲ್ಲಿಲ್ಲ. ಮಗುವಿಗೆ ಜ್ವರ ಬಂದರೆ ಫೋನಿನಲ್ಲಿ ಕೇಳಿಕೊಳ್ಳಬೇಕು. 21,840ನ್ನು 336ರಿಂದ ಭಾಗಿಸಿದರೆ ಗಂಟೆಗೆ 65. ಇನ್ನೊಂದು ಕಡೆ 8 ಗಂಟೆ ಕೆಲಸ, ಅರ್ಧ ಗಂಟೆ ಊಟ, ಹೋಗಿಬರಲು ಒಂದು ಗಂಟೆ. 15 ದಿನಕ್ಕೆ 142.5 ಗಂಟೆ. 12,000ನ್ನು ಭಾಗಿಸಿದರೆ ಗಂಟೆಗೆ 84. ಲೆಕ್ಕ ತಿರುಗಿತು ನೋಡಿ.

ಹಾಗಂತ ದೂರದ ಕೆಲಸ ಬೇಡವೇ ಬೇಡ ಎನ್ನುವುದಿಲ್ಲ. ಕ್ಯಾಂಪಿನಲ್ಲಿ ಊಟ, ವಸತಿ ಸಾಮಾನ್ಯವಾಗಿ ಕಂಪನಿಯದು. ಒಂಟಿಯಾಗಿದ್ದು, ಊರಿನಲ್ಲಿ ಬಾಡಿಗೆ ಮನೆಯನ್ನೇ ಬಿಟ್ಟುಬಿಡುವವರಿಗೆ ಆ 21,840ರಲ್ಲಿ ಬಹುಪಾಲು ಉಳಿಯುತ್ತದೆ. ಸಾಲ ತೀರಿಸಬೇಕು, ಎರಡು ವರ್ಷ ಗಟ್ಟಿಯಾಗಿ ಕೂಡಿಡಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆ ದಾರಿ ಕಡಿಮೆ. ಮನೆ, ಮಕ್ಕಳು ಇರುವವರು ಊರಿನ ಖರ್ಚನ್ನು ಹೇಗೂ ಕಟ್ಟುತ್ತಲೇ ಇರಬೇಕು. ಅಂಥವರು ಹೋಗುವುದಾದರೆ ವಾಪಸು ಬರುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಯೇ ಹೋಗಲಿ. ಒಂದು ಎಚ್ಚರಿಕೆ: ಆ 130 ಬರೀ ಗಂಟೆ ದರವೋ, ಓಟಿ ಮತ್ತು ರಾತ್ರಿ ಭತ್ಯೆ ಎಲ್ಲ ಅದರೊಳಗೇ ಸೇರಿದೆಯೋ ಕೇಳಿಕೊಳ್ಳಿ. ಎಲ್ಲವನ್ನೂ ಒಂದೇ ಮೊತ್ತದಲ್ಲಿ ಸುತ್ತಿ ಕೊಡುವುದು ಗಣಿಗಳಲ್ಲಿ ಸಾಮಾನ್ಯ.

ಕೈಗಾರಿಕಾ ಪಟ್ಟಿ ಈ ಎರಡರ ನಡುವಿನದು. ನನ್ನ ಮನಸ್ಸು ವಾಲುವುದು ಅದರ ಕಡೆಗೇ. ಹತ್ತಾರು ಕಾರ್ಖಾನೆ ಒಂದೇ ಸೀಮೆಯಲ್ಲಿ ಇರುವ ಕಡೆ ದರ ಸ್ವಲ್ಪ ಕಡಿಮೆ ಇದ್ದರೂ ನಿಮ್ಮ ಕೈ ಮೇಲಿರುತ್ತದೆ. ಒಂದು ಕಡೆ ಓಟಿ ನಿಂತರೆ ರಸ್ತೆ ದಾಟಿ ಇನ್ನೊಂದು ಗೇಟಿಗೆ ಹೋಗಬಹುದು, ಮನೆ ಬದಲಿಸಬೇಕಿಲ್ಲ, ಮಕ್ಕಳ ಶಾಲೆ ಬದಲಿಸಬೇಕಿಲ್ಲ. ಮಾಲೀಕರಿಗೂ ಇದು ಗೊತ್ತಿರುವುದರಿಂದ ವರ್ಷಕ್ಕೊಮ್ಮೆ ದರ ಏರಿಸುವ ಮಾತಿಗೆ ಬೆಲೆ ಇರುತ್ತದೆ. ಅಮೆರಿಕದ ಗಲ್ಫ್ ಕರಾವಳಿಯ ರಿಫೈನರಿ ಸಾಲು ಅಂಥದ್ದು. ಅಲ್ಲಿ ಖಾಯಂ ಕೆಲಸದವರಲ್ಲದೆ, ಒಂದು ಪ್ಲಾಂಟಿನ ಶಟ್‌ಡೌನ್ (ಪ್ಲಾಂಟ್ ನಿಲ್ಲಿಸಿ ಮಾಡುವ ದೊಡ್ಡ ರಿಪೇರಿ) ಮುಗಿಸಿ ಇನ್ನೊಂದಕ್ಕೆ ಹೋಗುತ್ತಾ, ದಿನಭತ್ಯೆ ಪಡೆಯುತ್ತಾ ದುಡಿಯುವ ಗುಂಪುಗಳೇ ಇವೆ. ಶಟ್‌ಡೌನ್ ದುಡಿಮೆ ಎರಡು ತಿಂಗಳು ಹೊಳೆಯಂತೆ ಹರಿದು ಮುಂದಿನ ತಿಂಗಳು ಬತ್ತಬಹುದು. ವರ್ಷದ ಒಟ್ಟು ಮೊತ್ತ ಕೇಳದೆ ಆ ಗುಂಪಿನ ವಾರದ ಸಂಬಳಕ್ಕೆ ನಿಮ್ಮದನ್ನು ಹೋಲಿಸಬೇಡಿ.

ಒಂದೇ ಕಾರ್ಖಾನೆ ನಂಬಿದ ಊರಿಗೆ ಹೋಗುವವರು ಮಾತ್ರ ದರದಲ್ಲಿ ದೊಡ್ಡ ಅಂತರ ಕೇಳಿ ಪಡೆಯಲೇಬೇಕು. ಅಲ್ಲಿ ಎರಡನೇ ಗೇಟು ಇಲ್ಲ.

ನಿಯಮ ಬದಲಾದರೆ ಅದೇ ದರದ ಬೆಲೆಯೂ ಬದಲು

ಇದನ್ನು ಬಹಳ ಜನ ನೋಡುವುದೇ ಇಲ್ಲ. ನನಗೆ ಬೇಸರವಾಗುವುದು ಅದಕ್ಕೇ. ದರಕ್ಕಿಂತ ಓಟಿ ನಿಯಮದಲ್ಲಿ ಹಣ ಜಾಸ್ತಿ ಅಡಗಿರುತ್ತದೆ.

ಅಮೆರಿಕದ ಕೇಂದ್ರ ಕಾನೂನು 1938ರದು. ವಾರಕ್ಕೆ 40 ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಕೊಡಬೇಕು ಎನ್ನುತ್ತದೆ. ಟೆಕ್ಸಾಸ್‌ನಲ್ಲಿ ನಡೆಯುವುದು ಇದೇ. ಕ್ಯಾಲಿಫೋರ್ನಿಯಾದಲ್ಲಿ ದಿನದ ಲೆಕ್ಕವೂ ಇದೆ: ಒಂದು ದಿನಕ್ಕೆ 8 ಗಂಟೆ ದಾಟಿದರೆ ಒಂದೂವರೆ, 12 ದಾಟಿದರೆ ಎರಡು ಪಟ್ಟು. ಬ್ರೇಕ್‌ಡೌನ್‌ಗೆ ಸಿಕ್ಕಿ ಮಂಗಳವಾರ ಒಂದೇ ದಿನ 14 ಗಂಟೆ ದುಡಿದು, ಶುಕ್ರವಾರ ಬೇಗ ಮನೆಗೆ ಹೋಗಿ, ವಾರದ ಮೊತ್ತ ಸರಿಯಾಗಿ 40 ಆಯಿತು ಅನ್ನಿ. ಟೆಕ್ಸಾಸ್‌ನಲ್ಲಿ ಓಟಿ ಸೊನ್ನೆ. ಕ್ಯಾಲಿಫೋರ್ನಿಯಾದಲ್ಲಿ ಆ ಮಂಗಳವಾರದ ನಾಲ್ಕು ಗಂಟೆಗೆ ಒಂದೂವರೆ, ಎರಡು ಗಂಟೆಗೆ ಎರಡು ಪಟ್ಟು. ಅಂದರೆ ಅದೇ 40 ಗಂಟೆಗೆ 44 ಗಂಟೆಯ ಸಂಬಳ. ಮೆಂಟೆನೆನ್ಸ್‌ನವರ ವಾರ ನಡೆಯುವುದೇ ಹೀಗೆ ಏರುಪೇರಾಗಿ, ಅಲ್ವಾ? ದಿನಕ್ಕೆ 10 ಗಂಟೆಯಂತೆ ನಾಲ್ಕು ದಿನ ದುಡಿಯುವ ಪದ್ಧತಿಯನ್ನು ಕೆಲಸಗಾರರು ಮತ ಹಾಕಿ ಒಪ್ಪಿದ್ದರೆ ಅಲ್ಲಿಯೂ ಲೆಕ್ಕ ಬದಲಾಗುತ್ತದೆ. ಸೇರುವ ಮುಂಚೆ ಅದನ್ನೂ ಕೇಳಬೇಕು.

ಭಾರತದಲ್ಲಿ ಕಾನೂನಿನ ಪ್ರಕಾರ ಕಾರ್ಖಾನೆಗಳಲ್ಲಿ ಓಟಿಗೆ ಎರಡು ಪಟ್ಟು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಹಗಲು ಓಟಿಗೆ ಮೂಲ ವೇತನದ ಮೇಲೆ ಶೇ. 25 ಹೆಚ್ಚು, ರಾತ್ರಿ 10ರಿಂದ ಬೆಳಗಿನ 4ರ ನಡುವೆ ಶೇ. 50. ಇಲ್ಲಿ ಗಮನಿಸಬೇಕಾದ ಮಾತು ಮೂಲ ವೇತನ. ಅಲ್ಲಿ ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿಯೂ ಮೂಲ ವೇತನದ ಮೇಲೆಯೇ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ, ಆಮೇಲೆ 30 ದಿನದ್ದು. ಒಟ್ಟು ಸಂಬಳ ಒಂದೇ ಇರುವ ಎರಡು ಪತ್ರಗಳಲ್ಲಿ ಒಂದರಲ್ಲಿ ಮೂಲ ವೇತನ ಅರ್ಧ, ಇನ್ನೊಂದರಲ್ಲಿ ಮುಕ್ಕಾಲು ಇದ್ದರೆ ಅವೆರಡೂ ಒಂದೇ ಸಂಬಳವಲ್ಲ. ಆರು ವರ್ಷ ದುಡಿದು ವಾಪಸು ಬರುವಾಗ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಜರ್ಮನಿಯಲ್ಲಿ ಇನ್ನೊಂದು ಬಗೆ. ಲೋಹ ಮತ್ತು ಎಲೆಕ್ಟ್ರಿಕಲ್ ಉದ್ಯಮದಲ್ಲಿ ಐಜಿ ಮೆಟಾಲ್ ಯೂನಿಯನ್ನಿನ ಒಪ್ಪಂದದಂತೆ ಪಶ್ಚಿಮದಲ್ಲಿ 1995ರಿಂದ ವಾರಕ್ಕೆ 35 ಗಂಟೆ. ಪೂರ್ವದಲ್ಲಿ 38 ಎಂದಿದ್ದು, ಈಚೆಗೆ ಕೆಲವು ಕಾರ್ಖಾನೆಗಳಲ್ಲಿ ಹಂತಹಂತವಾಗಿ ಇಳಿಯುತ್ತಿದೆ. ತಿಂಗಳ ಸಂಬಳ ಸರಿಸಮ ಇದ್ದರೂ 38 ಗಂಟೆ ದುಡಿಯುವವರಿಗೆ ಗಂಟೆಯ ಲೆಕ್ಕದಲ್ಲಿ ಸುಮಾರು ಶೇ. 8 ಕಡಿಮೆ ಬಿದ್ದಂತೆ. ತಿಂಗಳ ಮೊತ್ತ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ತೆರಿಗೆಯದು ಒಂದು ಉದಾಹರಣೆ ಸಾಕು. ಅಮೆರಿಕದಲ್ಲಿ ಕೊಲಂಬಿಯಾ ನದಿಯ ಒಂದು ದಡ ಒರೆಗಾನ್, ಇನ್ನೊಂದು ದಡ ವಾಷಿಂಗ್ಟನ್ ರಾಜ್ಯ. ಎರಡೂ ಎಲೆಕ್ಟ್ರಿಷಿಯನ್‌ಗಳಿಗೆ ಒಳ್ಳೆ ಸಂಬಳ ಕೊಡುವ ರಾಜ್ಯಗಳೇ. ವಾಷಿಂಗ್ಟನ್‌ನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ, ಒರೆಗಾನ್‌ನಲ್ಲಿ ಇದೆ. ಹಾಗಾದರೆ ವಾಷಿಂಗ್ಟನ್ ಕಡೆ ಮನೆ ಮಾಡಿ, ಸೇತುವೆ ದಾಟಿ ಒರೆಗಾನ್‌ನಲ್ಲಿ ದುಡಿದರೆ ತೆರಿಗೆ ಉಳಿಯಿತು ಎಂದು ಯೋಚಿಸಬೇಡಿ. ಒರೆಗಾನ್‌ನಲ್ಲಿ ದುಡಿದ ಸಂಬಳಕ್ಕೆ ಒರೆಗಾನ್ ತೆರಿಗೆ ಕಟ್ಟಲೇಬೇಕು. ನೋಡಬೇಕಾದದ್ದು ಕಾರ್ಖಾನೆ ಯಾವ ದಡದಲ್ಲಿದೆ ಎಂಬುದನ್ನು.

ಲೈಸೆನ್ಸ್ ಜೊತೆಗೆ ಬರುತ್ತದೆಯೇ

ಫಿಟ್ಟರ್, ಮೆಕ್ಯಾನಿಕ್‌ಗಳಿಗೆ ಈ ತಲೆನೋವು ಕಡಿಮೆ. ಎಲೆಕ್ಟ್ರಿಷಿಯನ್‌ಗೆ ಜಾಸ್ತಿ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಇಲ್ಲ. ಕೆಲವು ರಾಜ್ಯಗಳು ಒಂದರದನ್ನು ಇನ್ನೊಂದು ಒಪ್ಪುತ್ತವೆ. ಇಲಿನಾಯ್‌ನಂಥ ಕಡೆ ರಾಜ್ಯದ ಲೈಸೆನ್ಸೇ ಇಲ್ಲ, ಊರೂರಿನದು ಬೇರೆ ಬೇರೆ. ಪ್ರದೇಶ ಬದಲಿಸಿದಾಗ ಮತ್ತೆ ಪರೀಕ್ಷೆ ಬರೆದು, ಅಲ್ಲಿವರೆಗೆ ಸಹಾಯಕನ ದರದಲ್ಲಿ ದುಡಿಯುವ ಸ್ಥಿತಿ ಬಂದರೆ ಮೊದಲ ವರ್ಷದ ಲಾಭವೆಲ್ಲ ಅಲ್ಲಿಗೇ ಸರಿಹೋಗುತ್ತದೆ.

ಕೆನಡಾದ ರೆಡ್ ಸೀಲ್ ಪದ್ಧತಿ ಈ ವಿಷಯದಲ್ಲಿ ಮೇಲು. ಶೇ. 70 ಅಂಕ ಪಡೆದು ಆ ಪರೀಕ್ಷೆ ಪಾಸಾದರೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹೋದರೂ ನಿಮ್ಮ ಕೌಶಲಕ್ಕೆ ಮಾನ್ಯತೆ ಇರುತ್ತದೆ. ಅಲ್ಲಿಯೂ ಒಂದು ಆಯ್ಕೆ ಮೊದಲೇ ಮಾಡಿಕೊಳ್ಳಬೇಕು. ಒಂಟಾರಿಯೊದಲ್ಲಿ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮತ್ತು ಕಟ್ಟಡದ ಎಲೆಕ್ಟ್ರಿಷಿಯನ್ ಬೇರೆ ಬೇರೆ ಪ್ರಮಾಣಪತ್ರ. ಕಾರ್ಖಾನೆಯದು ಮಾತ್ರ ಇದ್ದರೆ ಮನೆ, ಅಂಗಡಿಗಳ ವೈರಿಂಗ್ ಮುಟ್ಟುವಂತಿಲ್ಲ. ಕಾರ್ಖಾನೆಗಳು ಸೊರಗಿದ ಕಾಲದಲ್ಲಿ ಎರಡೂ ಕೈಯಲ್ಲಿದ್ದವನು ಊರು ಬಿಡದೆ ಬದುಕುತ್ತಾನೆ. ಹೆಚ್ಚು ಕಾಲ ಓದಬೇಕಾದರೂ ಎರಡನ್ನೂ ಮಾಡಿಕೊಳ್ಳಿ ಎಂದೇ ನಾನು ಕಿರಿಯರಿಗೆ ಹೇಳುವುದು.

ಹೂಂ ಅನ್ನುವ ಮುಂಚೆ

ಪತ್ರ ಕೈಗೆ ಬಂದಾಗ ಓಟಿಯನ್ನು ಪೂರ್ತಿ ತೆಗೆದು ಸಂಬಳ ಲೆಕ್ಕ ಹಾಕಿ. ಆ ಬರಿಯ ಮೊತ್ತದಲ್ಲಿ ಬಾಡಿಗೆ, ಸಾಲದ ಕಂತು, ಮನೆ ಖರ್ಚು ನಡೆಯಬೇಕು. ನಡೆಯದಿದ್ದರೆ ಆ ಪ್ರದೇಶದ ದರ ನಿಮಗೆ ಸಾಲದು, ಓಟಿ ಎಷ್ಟೇ ಇರಲಿ. ಗಂಟೆಗೆ 100ರಂತೆ 40 ಗಂಟೆ, ಮೇಲೆ 10 ಗಂಟೆ ಒಂದೂವರೆ ಪಟ್ಟು ಅಂದರೆ ವಾರಕ್ಕೆ 5,500. ಗಂಟೆಗೆ 120ರಂತೆ ಬರೀ 40 ಗಂಟೆ ಅಂದರೆ 4,800. ನಾನಾದರೆ ಈಗ 4,800 ಆರಿಸುತ್ತೇನೆ. ಓಟಿ ನಿಂತ ದಿನ ಮೊದಲಿನವನಿಗೆ ಉಳಿಯುವುದು 4,000.

ಸ್ಟ್ಯಾಂಡ್‌ಬೈ ಇದ್ದ (ಕರೆದರೆ ಹೋಗಲು ಸಿದ್ಧವಾಗಿ ಕಾದ) ರಾತ್ರಿಗೆ ಹಣವಿದೆಯೇ, ಕರೆ ಬಂದು ಹೋದರೆ ಕನಿಷ್ಠ ಎಷ್ಟು ಗಂಟೆ ಕೊಡುತ್ತಾರೆ, ಟೂಲ್ಸ್ ಯಾರದು, ತರಬೇತಿಯ ದಿನಗಳಿಗೆ ಸಂಬಳವಿದೆಯೇ, ಇವನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರೆಸಿಕೊಳ್ಳಿ. ಸಾಧ್ಯವಾದರೆ ಒಂದು ದಿನ ಮುಂಚೆ ಹೋಗಿ ಕಾರ್ಖಾನೆ ನೋಡಿ ಬನ್ನಿ. ಮೆಂಟೆನೆನ್ಸ್ ರೂಮಿನಲ್ಲಿ ಒಂದು ಪಾಳಿಯವರು ಮುಂದಿನ ಪಾಳಿಗೆ ಬರೆದಿಡುವ ಹ್ಯಾಂಡ್‌ಓವರ್ ಪುಸ್ತಕ ಇರುತ್ತದೆ. ತೋರಿಸ್ತೀರಾ ಎಂದು ಕೇಳಿ.

ಹೋದ ಸಲ ನಾನು ಹಾಗೇ ಕೇಳಿ ನೋಡಿದೆ. ಮೂರು ತಿಂಗಳ ಪುಟ ತಿರುವಿದೆ. ಒಂದೇ ಪಂಪಿನ ಹೆಸರು ಮತ್ತೆ ಮತ್ತೆ ಬರುತ್ತಿತ್ತು, ಪ್ರತಿ ಸಲವೂ ಎದುರಿಗೆ ಒಂದೇ ಮಾತು: "ಸ್ಪೇರ್ ಬಂದಿಲ್ಲ, ತಾತ್ಕಾಲಿಕವಾಗಿ ಸರಿ ಮಾಡಲಾಗಿದೆ". ಕೊನೆಯ ಎರಡು ವಾರ ರಾತ್ರಿ ಪಾಳಿಯ ಜಾಗದಲ್ಲಿ ಒಬ್ಬನದೇ ಸಹಿ. ಇಬ್ಬರು ಇರಬೇಕಾದ ಪಾಳಿ ಅದು. ಅವರು ಹೇಳಿದ ಗಂಟೆ ದರ ಆ ಸುತ್ತಿನಲ್ಲೇ ಎಲ್ಲರಿಗಿಂತ ಜಾಸ್ತಿ ಇತ್ತು. ಪುಸ್ತಕ ಮುಚ್ಚಿ ವಾಪಸು ಕೊಟ್ಟು, ಎರಡನೇ ಗೇಟಿನವರಿಗೆ ಫೋನ್ ಮಾಡಿ ಸೋಮವಾರ ಬರುತ್ತೇನೆ ಎಂದೆ.